ರಕ್ತದ ರಿಪೋರ್ಟು ಕೈಗೆ ಬಂದ ಮೇಲೆ

ಕಳೆದ ಸಂಚಿಕೆಯಲ್ಲಿ ರಕ್ತಹೀನತೆಯ ಬಗ್ಗೆ ಬರೆದ ನಂತರ ಬಂದ ಪತ್ರಗಳಲ್ಲಿ ಹೆಚ್ಚಿನವು ರಕ್ತದ ಕ್ಯಾನ್ಸರಿನ ಭಯವನ್ನು ಕುರಿತವು. ಅವುಗಳಲ್ಲಿ ನಾಲ್ಕನ್ನು ಆಯ್ದು ಉತ್ತರಿಸಿದ್ದೇನೆ. ಮೊದಲನೆಯ ಪತ್ರಕ್ಕೆ ಪುಟದ ಬಹುಭಾಗ ಹೋಗಿದೆ. ಅದಕ್ಕೆ ಅಷ್ಟು ಜಾಗ ಬೇಕಾಗಿತ್ತು.

ಪ್ರಶ್ನೆ: ನನ್ನ ಯಜಮಾನರಿಗೆ 48 ವರ್ಷ, ಅಡಿಕೆ ವ್ಯಾಪಾರ ಮಾಡುತ್ತಾರೆ. ಜ್ವರವೆಂದು ಒಂದು ದಿನ ಮಲಗಿದವರಲ್ಲ. ಎರಡು ಮೂರು ತಿಂಗಳಿಂದ ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿತು ಎನ್ನುತ್ತಾರೆ, ಎಡಪಕ್ಕೆಯ ಕೆಳಗೆ ಭಾರವೆನ್ನುತ್ತಾರೆ. ನಾವು ಗ್ಯಾಸ್ ಎಂದುಕೊಂಡಿದ್ದೆವು. ಹರ್ನಿಯಾ ಆಪರೇಷನ್ನಿಗೆ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ 86,000, ಹಿಮೋಗ್ಲೋಬಿನ್ 11.2, ಪ್ಲೇಟ್‌ಲೆಟ್ 5.4 ಲಕ್ಷ ಎಂದು ಬಂದಿದೆ. ಕೆಳಗೆ ಮೈಲೋಸೈಟ್, ಮೆಟಾಮೈಲೋಸೈಟ್, ಬೇಸೋಫಿಲ್ ಹೆಚ್ಚಾಗಿವೆ, ಬ್ಲಾಸ್ಟ್ ಶೇಕಡಾ 2, ಸಿಎಂಎಲ್ ಇರಬಹುದು, ಬಿಸಿಆರ್-ಎಬಿಎಲ್ ಪರೀಕ್ಷೆ ಮಾಡಿಸಿ ಎಂದು ಬರೆದಿದ್ದಾರೆ. ಲ್ಯಾಬಿನವರು ರಿಪೋರ್ಟನ್ನು ನನ್ನ ಮೊಬೈಲಿಗೇ ಕಳುಹಿಸಿದ್ದರಿಂದ ಅದನ್ನು ಮೊದಲು ನೋಡಿದವಳು ನಾನು. ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದಾಗ ಇದು ರಕ್ತದ ಕ್ಯಾನ್ಸರ್, ಐದು ವರ್ಷದ ಮೇಲೆ ಬದುಕುವುದು ಕಷ್ಟ ಎಂದು ಓದಿದೆ. ಯಜಮಾನರಿಗೆ ‘ರಕ್ತದಲ್ಲಿ ಸ್ವಲ್ಪ ಸೋಂಕಿದೆಯಂತೆ’ ಎಂದಷ್ಟೇ ಹೇಳಿದ್ದೇನೆ. ಮೈದುನನಿಗೆ ಮಾತ್ರ ವಿಷಯ ಗೊತ್ತು. ಅವನು ಮುಂಬೈಗೆ ಹೋಗೋಣ ಎನ್ನುತ್ತಾನೆ. ಅತ್ತೆಯ ಕಡೆಯವರೊಬ್ಬರು ಮಲೆನಾಡಿನಲ್ಲಿ ಮರದ ಚಕ್ಕೆಯ ಕಷಾಯ ಕೊಡುವವರಿದ್ದಾರೆ ಎನ್ನುತ್ತಿದ್ದಾರೆ. ದೊಡ್ಡ ಮಗಳಿಗೆ ಗಂಡು ನೋಡುತ್ತಿದ್ದೇವೆ. ಈ ಕಾಯಿಲೆ ಮಕ್ಕಳಿಗೂ ಬರುತ್ತದೆಯೇ? ಯಜಮಾನರಿಗೆ ಹೇಳಲೇಬೇಕೇ? — ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಅಮ್ಮಾ, ‘ಏನೂ ಇರಲಿಕ್ಕಿಲ್ಲ, ಧೈರ್ಯವಾಗಿರಿ’ ಎಂದು ಬರೆದು ಕೈತೊಳೆದುಕೊಳ್ಳುವುದು ನನಗೆ ಸುಲಭ, ಆದರೆ ನೀವು ಕೊಟ್ಟಿರುವ ಅಂಕಿಗಳನ್ನು ನೋಡಿದ ಮೇಲೆ ಹಾಗೆ ಬರೆಯುವುದು ಸರಿಯಲ್ಲ. ಇದು ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಆಗಿರುವ ಸಾಧ್ಯತೆ ಹೆಚ್ಚೇ ಇದೆ. ಖಚಿತವಾಗಬೇಕಾದರೆ ಇನ್ನೊಂದು ಪರೀಕ್ಷೆ ಬೇಕು. ಇದರ ಜೊತೆಯಲ್ಲೇ ಹೇಳಬೇಕಾದ ಮಾತೆಂದರೆ, ನೀವು ಆ ರಾತ್ರಿ ಓದಿದ ‘ಐದು ವರ್ಷ’ದ ಲೆಕ್ಕ ಇಪ್ಪತ್ತು ವರ್ಷಗಳಿಗೂ ಹಿಂದಿನ ಕಾಲದ್ದು. ಆಗ ಅದು ನಿಜವಾಗಿತ್ತು. ಈಗ ಈ ಕಾಯಿಲೆಗೆ ದಿನಕ್ಕೊಮ್ಮೆ ನುಂಗುವ ಮಾತ್ರೆಯಿದೆ, ಅದಕ್ಕೆ ಚೆನ್ನಾಗಿ ಒಗ್ಗಿಕೊಂಡ ರೋಗಿಗಳ ಆಯುಷ್ಯ ಅವರ ಓರಗೆಯವರ ಆಯುಷ್ಯಕ್ಕೆ ಹೆಚ್ಚುಕಡಿಮೆ ಸಮನಾಗಿದೆ. ರಕ್ತದ ಕ್ಯಾನ್ಸರ್ ಎಂಬ ಒಂದೇ ಹೆಸರಿನಡಿ ಹತ್ತಾರು ಬೇರೆ ಬೇರೆ ಕಾಯಿಲೆಗಳಿವೆ. ಕೆಲವು ವಾರಗಳಲ್ಲಿ ಉಲ್ಬಣಿಸುವಂಥವು, ಕೆಲವು ಚಿಕಿತ್ಸೆಯೇ ಇಲ್ಲದೆ ಹತ್ತು ವರ್ಷ ಸುಮ್ಮನಿರುವಂಥವು. ಮೊಬೈಲು ಅವೆಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ನಿಮ್ಮ ಮುಂದೆ ಸುರಿದಿದೆ.

ಮೊದಲು ಆ 86,000ದ ಅರ್ಥವನ್ನು ನೋಡೋಣ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಬಿಳಿ ರಕ್ತಕಣಗಳು ಸುಮಾರು 4,000ದಿಂದ 11,000 ಇರುತ್ತವೆ. ತೀವ್ರವಾದ ಸೋಂಕಿನಲ್ಲಿ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಇದು ಏರುತ್ತದೆ, ಅಪರೂಪಕ್ಕೆ 50,000ವನ್ನು ದಾಟುವುದೂ ಉಂಟು. ಆದ್ದರಿಂದ ಅಂಕಿ ದೊಡ್ಡದೆಂಬ ಒಂದೇ ಕಾರಣಕ್ಕೆ ಯಾವ ವೈದ್ಯರೂ ಕ್ಯಾನ್ಸರ್ ಎನ್ನುವುದಿಲ್ಲ. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುವ ಪೆಥಾಲಜಿಸ್ಟ್ ಏನು ಬರೆದಿದ್ದಾರೆ ಎಂಬುದು ಇಲ್ಲಿ ಮುಖ್ಯ. ಸಾಮಾನ್ಯವಾಗಿ ಬಿಳಿ ಕಣಗಳು ಅಸ್ಥಿಮಜ್ಜೆಯೊಳಗೆ ಹುಟ್ಟಿ, ಹಂತಹಂತವಾಗಿ ಬಲಿತು, ಪೂರ್ತಿ ತಯಾರಾದ ಮೇಲಷ್ಟೇ ರಕ್ತಕ್ಕೆ ಇಳಿಯುತ್ತವೆ. ನಿಮ್ಮ ಯಜಮಾನರ ರಕ್ತದಲ್ಲಿ ಅರೆಬಲಿತ ಮೈಲೋಸೈಟ್, ಮೆಟಾಮೈಲೋಸೈಟ್‌ಗಳೂ ಕಂಡಿವೆ. ಪರೀಕ್ಷೆ ಬರೆದು ಹೊರಬೀಳಬೇಕಾದ ಹತ್ತನೆಯ ತರಗತಿಯವರ ಜೊತೆಗೆ ಮೂರನೆಯ, ಐದನೆಯ ತರಗತಿಯ ಮಕ್ಕಳೆಲ್ಲ ಶಾಲೆಯ ಗೇಟು ದಾಟಿ ಬೀದಿಗೆ ಬಂದಂತೆ. ಇದರೊಟ್ಟಿಗೆ ಬೇಸೋಫಿಲ್ ಕಣಗಳೂ ಹೆಚ್ಚಾಗಿವೆ, ಎಡಪಕ್ಕೆಯಲ್ಲಿ ಭಾರವಿದೆ. ಆ ಭಾರ ಗ್ಯಾಸಿನದಲ್ಲ, ಬಹುಶಃ ಊದಿಕೊಂಡ ಗುಲ್ಮದ್ದು. ಅದು ಜಠರವನ್ನು ಪಕ್ಕದಿಂದ ಒತ್ತುವುದರಿಂದಲೇ ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಇವಿಷ್ಟನ್ನೂ ಸೇರಿಸಿ ನೋಡಿಯೇ ಅವರು ಸಿಎಂಎಲ್ ಇರಬಹುದು ಎಂದು ಬರೆದಿದ್ದಾರೆ, ಮತ್ತು ಅಷ್ಟಕ್ಕೇ ನಿಲ್ಲಿಸಿ ಮುಂದಿನ ಪರೀಕ್ಷೆಯ ಹೆಸರನ್ನೂ ಬರೆದಿದ್ದಾರೆ. ಅದು ಒಳ್ಳೆಯ ರಿಪೋರ್ಟು.

ನೀವು ಗಮನಿಸದೆ ಬಿಟ್ಟ ಒಂದು ಸಮಾಧಾನದ ಅಂಕಿಯೂ ಅದರಲ್ಲಿದೆ. ಬ್ಲಾಸ್ಟ್ ಎಂದರೆ ಇನ್ನೂ ಕಣ್ಣೇ ಬಿಡದ, ಅತ್ಯಂತ ಎಳೆಯ ಕಣ. ಅವು ಶೇಕಡಾ 20ರ ಆಸುಪಾಸಿನಲ್ಲಿದ್ದರೆ ನಾವು ಆ ದಿನವೇ ರೋಗಿಯನ್ನು ಆಸ್ಪತ್ರೆಗೆ ಓಡಿಸುತ್ತಿದ್ದೆವು. ಶೇಕಡಾ 2 ಎಂದರೆ ಕಾಯಿಲೆ ಇದ್ದರೂ ಅದು ಮೊದಲನೆಯ, ನಿಧಾನಗತಿಯ ಹಂತದಲ್ಲಿದೆ ಎಂದು ತಿಳಿಯಬಹುದು. ಇಂದು ರಾತ್ರಿಯೇ ಟ್ಯಾಕ್ಸಿ ಹಿಡಿಯಬೇಕಾಗಿಲ್ಲ. ಆದರೆ ಮಗಳ ಮಾತುಕತೆ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ಎರಡು ತಿಂಗಳು ದೂಡುವಂತೆಯೂ ಇಲ್ಲ. ಈ ವಾರದೊಳಗೆ ರಕ್ತರೋಗ ತಜ್ಞರನ್ನು ಕಾಣಿರಿ.

ಬಿಸಿಆರ್-ಎಬಿಎಲ್ ಎಂಬ ಪರೀಕ್ಷೆಯ ಹಿಂದೆ ಒಂದು ಕಥೆಯಿದೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಈ ರೋಗಿಗಳ ರಕ್ತಕಣಗಳಲ್ಲಿ ಒಂದು ವರ್ಣತಂತು ವಿಚಿತ್ರವಾಗಿ ಗಿಡ್ಡವಾಗಿರುವುದನ್ನು ಕಂಡರು. ಅದು ಹಾಗೇಕಿದೆ ಎಂಬುದು 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ಅವರಿಂದ ತಿಳಿಯಿತು: 9 ಮತ್ತು 22ನೆಯ ವರ್ಣತಂತುಗಳ ತುದಿಗಳು ತುಂಡಾಗಿ ಒಂದರದು ಇನ್ನೊಂದಕ್ಕೆ ಅಂಟಿಕೊಂಡಿದ್ದವು. ಹಾಗೆ ಅಂಟಿದ ಜಾಗದಲ್ಲಿ ಹುಟ್ಟುವ ಹೊಸ ವಂಶವಾಹಿಯೇ ಬಿಸಿಆರ್-ಎಬಿಎಲ್. ‘ಸಾಕು, ನಿಲ್ಲಿಸು’ ಎಂಬ ಸೂಚನೆಯನ್ನು ಕೇಳಿಸಿಕೊಳ್ಳದೆ ಬಿಳಿ ಕಣಗಳನ್ನು ತಯಾರಿಸುತ್ತಲೇ ಇರುವಂತೆ ಅದು ಮಜ್ಜೆಗೆ ಆಜ್ಞೆ ಕೊಡುತ್ತದೆ. ನಮ್ಮ ಹಳ್ಳಿಗಳಲ್ಲಿ ‘ಬಿಳಿ ರಕ್ತ ಕೆಂಪು ರಕ್ತವನ್ನು ತಿಂದುಹಾಕುತ್ತದೆ’ ಎನ್ನುವ ಮಾತಿದೆ. ತಿನ್ನುವುದೇನೂ ಇಲ್ಲ, ಮಜ್ಜೆಯಲ್ಲಿ ಬಿಳಿಯದರ ಗದ್ದಲವೇ ಹೆಚ್ಚಾಗಿ ಕೆಂಪು ಕಣಗಳಿಗೆ ಜಾಗ ಸಾಲುವುದಿಲ್ಲ, ಹಿಮೋಗ್ಲೋಬಿನ್ 11.2ಕ್ಕೆ ಇಳಿದಿರುವುದು ಅದರಿಂದಲೇ ಇರಬಹುದು.

ಈ ವಂಶವಾಹಿ ಇದೆಯೋ ಇಲ್ಲವೋ ಎಂಬುದನ್ನು ತೋಳಿನಿಂದ ತೆಗೆದ ರಕ್ತದಲ್ಲೇ ಪತ್ತೆಮಾಡಬಹುದು. ಇದ್ದರೆ ಸಿಎಂಎಲ್, ಇಲ್ಲದಿದ್ದರೆ ತಜ್ಞರು ಬೇರೆ ದಾರಿಯಲ್ಲಿ ಹುಡುಕುತ್ತಾರೆ. ಚಿಕಿತ್ಸೆಗೆ ಮೊದಲು ಒಮ್ಮೆ ಅಸ್ಥಿಮಜ್ಜೆಯ ಪರೀಕ್ಷೆಯನ್ನೂ ಮಾಡಿಸಲು ಹೇಳುವರು, ಏಕೆಂದರೆ ಕಾಯಿಲೆಯ ಹಂತವನ್ನು ಖಚಿತಪಡಿಸಿಕೊಳ್ಳಲು ಅದು ಬೇಕು. ಇದರ ಬಗ್ಗೆ ನಮ್ಮ ಜನರಲ್ಲಿರುವಷ್ಟು ತಪ್ಪುಕಲ್ಪನೆ ಇನ್ನಾವುದರ ಬಗ್ಗೆಯೂ ಇಲ್ಲ. ‘ಬೆನ್ನುಹುರಿಯ ನೀರು ತೆಗೆಯುತ್ತಾರೆ, ಆಮೇಲೆ ಕಾಲಿನ ಶಕ್ತಿ ಹೋಗುತ್ತದೆ’ ಎಂದು ಹೆದರಿ ಪರೀಕ್ಷೆಯ ಹಿಂದಿನ ದಿನ ಊರಿಗೆ ಮರಳಿದವರನ್ನು ನಾನು ಕಂಡಿದ್ದೇನೆ. ಮಜ್ಜೆಯನ್ನು ತೆಗೆಯುವುದು ಬೆನ್ನುಹುರಿಯಿಂದ ಅಲ್ಲವೇ ಅಲ್ಲ, ಸೊಂಟದ ಹಿಂಭಾಗದ ಮೂಳೆಯಿಂದ. ಅಲ್ಲಿ ಬೆನ್ನುಹುರಿಯ ಸುಳಿವೇ ಇಲ್ಲ. ಆ ಜಾಗವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿರುತ್ತಾರೆ. ಮಜ್ಜೆಯನ್ನು ಸಿರಿಂಜಿಗೆ ಎಳೆಯುವ ಕೆಲವು ಕ್ಷಣ ಮಾತ್ರ ಒಳಗಿನಿಂದ ಜಗ್ಗಿದಂತೆ ನೋವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.

ಇನ್ನು ಮಾತ್ರೆಯ ವಿಷಯ. ಬಿಸಿಆರ್-ಎಬಿಎಲ್ ಕೊಡುವ ಆಜ್ಞೆಯನ್ನೇ ತಡೆಯುವ ಇಮಾಟಿನಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2001ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಮೊದಲು ಈ ರೋಗಿಗಳಿಗಿದ್ದುದು ಎಣಿಕೆಯನ್ನು ತಾತ್ಕಾಲಿಕವಾಗಿ ಇಳಿಸುವ ಮಾತ್ರೆಗಳು, ಮೈಯನ್ನು ಜ್ವರದಲ್ಲಿ ಬೇಯಿಸುತ್ತಿದ್ದ ಇಂಟರ್‌ಫೆರಾನ್ ಇಂಜೆಕ್ಷನ್, ಇಲ್ಲವೇ ಮಜ್ಜೆಯ ಕಸಿ. ಹೊಸ ಮಾತ್ರೆ ಬಂದಾಗ ನಮ್ಮ ದೇಶದಲ್ಲಿ ಅದರ ಬೆಲೆಯೇ ಇನ್ನೊಂದು ಕಾಯಿಲೆಯಾಗಿತ್ತು: ಮೂಲ ಕಂಪನಿಯ ಔಷಧಕ್ಕೆ ತಿಂಗಳಿಗೆ ಸುಮಾರು 1,20,000 ರೂಪಾಯಿ, ಭಾರತೀಯ ಕಂಪನಿಗಳದಕ್ಕೆ 8ರಿಂದ 10 ಸಾವಿರ. ಪೇಟೆಂಟ್ ಕೋರಿ ನೋವಾರ್ಟಿಸ್ ಕಂಪನಿ ನಡೆಸಿದ ದೀರ್ಘ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ಕಂಪನಿಯ ಮನವಿಯನ್ನು ತಳ್ಳಿಹಾಕಿತು, ಭಾರತೀಯ ತಯಾರಿಕೆಯ ಮಾತ್ರೆಗಳು ಉಳಿದುಕೊಂಡವು. ಈಗ ಇಮಾಟಿನಿಬ್ ರಾಷ್ಟ್ರೀಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ, ಜನೌಷಧಿ ಕೇಂದ್ರಗಳ ಪಟ್ಟಿಯಲ್ಲೂ ಇದೆ. ನಿಮ್ಮ ಕಾರ್ಡಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತದೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲ ಭೇಟಿಯಲ್ಲೇ ವಿಚಾರಿಸಿರಿ. ರೇಷನ್ ಕಾರ್ಡು ಮತ್ತು ಆಧಾರನ್ನು ಮರೆಯದೆ ಒಯ್ಯಿರಿ. ತೋಟ ಅಡವಿಡುವ ಮಾತು ಮನೆಯಲ್ಲಿ ಬಂದಿದ್ದರೆ ಸದ್ಯಕ್ಕೆ ಅದನ್ನು ಬದಿಗಿಡಿ.

ಮಾತ್ರೆ ನುಂಗುವುದು ಸುಲಭ, ತಪ್ಪದೆ ನುಂಗುವುದು ಕಷ್ಟ. ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಓಕರಿಕೆ ಬರುವುದರಿಂದ ಊಟದೊಂದಿಗೆ, ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ಕಣ್ಣಿನ ಸುತ್ತ ಊತ, ಮೀನಖಂಡದಲ್ಲಿ ಸೆಳೆತ, ಕೆಲವರಿಗೆ ಭೇದಿ ಕಾಣಿಸಿಕೊಳ್ಳುತ್ತದೆ. ಬಹಳಷ್ಟು ಮಂದಿಗೆ ಇವು ಸಹಿಸುವಂಥವೇ, ಸಹಿಸಲಾಗದಿದ್ದರೆ ಬೇರೆ ಮಾತ್ರೆಗಳಿವೆ. ಅಪಾಯ ಇರುವುದು ಬೇರೆ ಕಡೆ. ಒಂದೆರಡು ತಿಂಗಳಲ್ಲಿ ಬಿಳಿ ಕಣದ ಎಣಿಕೆ 7,000ಕ್ಕೆ ಇಳಿದು, ಹೊಟ್ಟೆಯ ಭಾರವೂ ಕರಗಿದಾಗ ‘ಎಲ್ಲ ಸರಿಹೋಯಿತಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ. ಎಣಿಕೆ ಸರಿಹೋದದ್ದು ಮೊದಲ ಮೆಟ್ಟಿಲಷ್ಟೇ. ಬಿಸಿಆರ್-ಎಬಿಎಲ್ ಪ್ರಮಾಣವು ಮೂರು ತಿಂಗಳಿಗೆ ಶೇಕಡಾ 10ಕ್ಕಿಂತ, ಆರು ತಿಂಗಳಿಗೆ ಶೇಕಡಾ 1ಕ್ಕಿಂತ, ವರ್ಷಕ್ಕೆ ಶೇಕಡಾ 0.1ಕ್ಕಿಂತ ಕೆಳಗೆ ಬರಬೇಕೆಂಬುದು ನಾವು ಇಟ್ಟುಕೊಳ್ಳುವ ಗುರಿ. ಹಲವು ವರ್ಷ ಆಳವಾಗಿ ಹತೋಟಿಯಲ್ಲಿದ್ದ ಕೆಲವರಲ್ಲಿ ತಜ್ಞರೇ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ ನೋಡುವುದುಂಟು, ಆದರೆ ಆ ತೀರ್ಮಾನ ಅವರದು.

ಈಗ ನೀವು ಕೊನೆಯಲ್ಲಿ ಕೇಳಿದ, ನನ್ನ ಮಟ್ಟಿಗೆ ಮೊದಲನೆಯದಾದ ಪ್ರಶ್ನೆ. ಹೇಳಲೇಬೇಕೇ? ಹೇಳಲೇಬೇಕು, ಅದೂ ಬೇಗ. ರಕ್ತ ಅವರದು, ರಿಪೋರ್ಟು ಅವರದು. ಅವರ ಬದಲು ನೀವು ಹೊತ್ತುಕೊಂಡರೆ ಅವರ ಭಾರ ಇಳಿಯುತ್ತದೆ ಎಂದು ನೀವು ಭಾವಿಸಿದ್ದೀರಿ, ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ವರ್ಷಗಟ್ಟಲೆ ತಪ್ಪದೆ ನುಂಗಬೇಕಾದ ಮಾತ್ರೆಯನ್ನು ‘ಸ್ವಲ್ಪ ಸೋಂಕು’ ಎಂಬ ಕಾರಣಕ್ಕೆ ಯಾರು ನುಂಗುತ್ತಾರೆ? ಸಂತೆಗೆ, ಮಂಡಿಗೆ ಓಡಾಡುವ ಮನುಷ್ಯ ವಾರದಲ್ಲಿ ಎರಡು ದಿನ ಮರೆಯುತ್ತಾರೆ, ಮೂರನೆಯ ತಿಂಗಳು ಬಿಟ್ಟೇಬಿಡುತ್ತಾರೆ. ಅಲ್ಲದೆ ಕ್ಯಾನ್ಸರ್ ಆಸ್ಪತ್ರೆಯ ಬೋರ್ಡು ಅವರಿಗೂ ಕಾಣುತ್ತದೆ. ಕಾಯುವ ಸಾಲಿನಲ್ಲಿ ಪಕ್ಕದಲ್ಲಿ ಕುಳಿತವರು ‘ನಿಮಗೆ ಯಾವುದು?’ ಎಂದು ಕೇಳಿಯೇ ಕೇಳುತ್ತಾರೆ. ಅಪರಿಚಿತರ ಬಾಯಿಂದ ತಿಳಿದ ಮೇಲೆ ಅವರು ನಿಮ್ಮ ಯಾವ ಸಮಾಧಾನದ ಮಾತನ್ನೂ ನಂಬುವುದಿಲ್ಲ. ವ್ಯಾಪಾರಿಗಳಿಗೆ ಲೆಕ್ಕ ಕಂಡರೆ ಭಯ ಕಡಿಮೆ. ಊಟವಾದ ಮೇಲೆ, ಮಕ್ಕಳು ಮಲಗಿದ ಮೇಲೆ, ಕಾಗದವನ್ನು ಅವರ ಕೈಗೇ ಕೊಟ್ಟು ಹೀಗೆ ಹೇಳಬಹುದು: ‘ರಕ್ತದಲ್ಲಿ ಬಿಳಿ ಕಣ ಜಾಸ್ತಿ ಬಂದಿದೆ. ರಕ್ತದ ಒಂದು ತರಹದ ಕ್ಯಾನ್ಸರ್ ಇರಬಹುದಂತೆ, ಇನ್ನೂ ಖಚಿತವಿಲ್ಲ. ಒಂದು ಪರೀಕ್ಷೆ ಬಾಕಿಯಿದೆ. ಅದೇ ಆಗಿದ್ದರೂ ಮಾತ್ರೆಯಲ್ಲಿ ಹತೋಟಿಗೆ ಬರುತ್ತದಂತೆ. ನನಗೆ ಆ ದಿನ ಹೇಳಲು ಬಾಯಿ ಬರಲಿಲ್ಲ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಅವರು ಸಿಟ್ಟಾಗಬಹುದು, ಎದ್ದು ಹೊರಗೆ ಹೋಗಬಹುದು, ಏನೂ ಆಗದವರಂತೆ ಟಿವಿ ಹಾಕಬಹುದು. ಹಿಂದೆ ಬಿದ್ದು ಮಾತಾಡಿಸಬೇಡಿ. ಮರುದಿನ ಅವರೇ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಇಬ್ಬರೂ ಒಟ್ಟಿಗೆ ತಜ್ಞರ ಮುಂದೆ ಕುಳಿತುಕೊಳ್ಳಿ. ವೈದ್ಯರ ಬಾಗಿಲಲ್ಲಿ ‘ಅವರಿಗೆ ಹೇಳಬೇಡಿ ಸಾರ್’ ಎಂದು ಪಿಸುಗುಟ್ಟುವ ಮೈದುನನನ್ನು ಆ ದಿನ ಅಂಗಡಿಯಲ್ಲಿ ಕೂರಿಸುವುದು ವಾಸಿ.

ಮಗಳ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. ಈ ವರ್ಣತಂತುಗಳ ಅದಲುಬದಲು ಹುಟ್ಟಿನಿಂದ ಬಂದದ್ದಲ್ಲ. ಬೆಳೆದ ಮನುಷ್ಯನ ಮಜ್ಜೆಯ ಒಂದು ಕಣದಲ್ಲಿ ಎಂದೋ ಆದ ತಪ್ಪು. ವೀರ್ಯದಲ್ಲಾಗಲಿ ಅಂಡದಲ್ಲಾಗಲಿ ಅದು ಇರುವುದಿಲ್ಲವಾದ್ದರಿಂದ ಮಕ್ಕಳಿಗೆ ದಾಟುವುದಿಲ್ಲ. ಎಂಜಲಿನಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಹರಡುವುದೂ ಇಲ್ಲ. ಗಂಡಿನ ಕಡೆಯವರಿಗೆ ಏನು ಹೇಳಬೇಕೆಂಬುದು ನಿಮ್ಮ ಮನೆಯ ವಿಚಾರ, ಆದರೆ ‘ವಂಶದಲ್ಲಿದೆ’ ಎಂಬ ಮಾತು ಯಾರಿಂದ ಬಂದರೂ ಅದು ಸುಳ್ಳು.

ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ದೊಡ್ಡ ಸಂಸ್ಥೆಯೇ, ಆದರೆ ಈ ಕಾಯಿಲೆಗೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಬೆಂಗಳೂರಿನ ಕಿದ್ವಾಯಿಯಲ್ಲಿಯೂ ಇದೇ ಪರೀಕ್ಷೆ, ಇದೇ ಮಾತ್ರೆ. ಮೂರು ತಿಂಗಳಿಗೊಮ್ಮೆ ಹೋಗಿಬರಬೇಕಾದ ಕಾಯಿಲೆಗೆ ಹತ್ತಿರದ ಊರೇ ಲೇಸು. ಮರದ ಚಕ್ಕೆಯ ಕಷಾಯದ ಬಗ್ಗೆ ನಾನು ಹಂಗಿಸಿ ಬರೆಯುವುದಿಲ್ಲ, ಏಕೆಂದರೆ ಹಂಗಿಸಿದಷ್ಟೂ ಜನ ಗುಟ್ಟಾಗಿ ಕುಡಿಯುತ್ತಾರೆ. ಇಮಾಟಿನಿಬ್ ಯಕೃತ್ತಿನಲ್ಲಿ ಕರಗಿ ಹೊರಹೋಗುವ ಔಷಧ. ಏನಿದೆಯೆಂದು ಗೊತ್ತಿಲ್ಲದ ಕಷಾಯವು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸಲೂಬಹುದು, ಇಳಿಸಲೂಬಹುದು. ಆದ್ದರಿಂದ ಬೇಡ. ಈಗಾಗಲೇ ಕುಡಿಸಿದ್ದರೆ ವೈದ್ಯರಿಗೆ ಹೇಳಿಬಿಡಿ.

ತಜ್ಞರನ್ನು ಕಾಣುವವರೆಗೆ ಅವರು ಅಡಿಕೆ ಮೂಟೆ ಎತ್ತುವುದು ಬೇಡ, ಎಡಪಕ್ಕೆಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಲಿ, ಊದಿದ ಗುಲ್ಮ ಸುಲಭವಾಗಿ ಗಾಯಗೊಳ್ಳುತ್ತದೆ. ಹರ್ನಿಯಾ ಆಪರೇಷನ್ ಕಾಯಲಿ. ಜ್ವರ 100.4 ಡಿಗ್ರಿ ದಾಟಿದರೆ, ಉಸಿರು ಕಟ್ಟಿದರೆ, ಕಣ್ಣು ಮಂಜಾದರೆ, ಮಾತು ತೊದಲಿದರೆ, ಒಸಡಿನಿಂದ ಇಲ್ಲವೇ ಮಲದಲ್ಲಿ ರಕ್ತ ಬಂದರೆ, ಅಥವಾ ಗಂಡಸರು ಹೇಳಿಕೊಳ್ಳಲು ನಾಚುವ ತೊಂದರೆಯಾದ ಶಿಶ್ನವು ಗಂಟೆಗಟ್ಟಲೆ ನೋವಿನಿಂದ ನಿಮಿರಿಯೇ ಇರುವುದು ಕಂಡರೆ, ಅಪಾಯಿಂಟ್‌ಮೆಂಟಿನ ದಿನಕ್ಕೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಪ್ರಶ್ನೆ: ನಿವೃತ್ತ ಶಿಕ್ಷಕರಾದ ನಮ್ಮ ತಂದೆಗೆ 71 ವರ್ಷ. ಬಿಳಿ ರಕ್ತಕಣ 24,000, ಅದರಲ್ಲಿ ಲಿಂಫೋಸೈಟ್ ಶೇಕಡಾ 76. ಫ್ಲೋ ಸೈಟೋಮೆಟ್ರಿ ಮಾಡಿಸಿದ ಮೇಲೆ ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಎಂದರು. ಆದರೆ ವೈದ್ಯರು ‘ಈಗ ಚಿಕಿತ್ಸೆ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಕಳುಹಿಸಿದ್ದಾರೆ. ವಯಸ್ಸಾದವರೆಂದು ಕೈಬಿಟ್ಟರೇ? — ಧಾರವಾಡ

ಉತ್ತರ: ಕೈಬಿಟ್ಟಿಲ್ಲ. ಕ್ಯಾನ್ಸರ್ ಎಂದು ಹೇಳಿ ಮಾತ್ರೆಯನ್ನೂ ಬರೆಯದೆ ಕಳುಹಿಸಿದರೆ ಯಾವ ಮಗನಿಗಾದರೂ ಸಿಟ್ಟು ಬರುತ್ತದೆ, ಆದರೆ ನಿಮ್ಮ ತಂದೆಯವರ ವೈದ್ಯರು ಮಾಡಿರುವುದು ಜಗತ್ತಿನ ಎಲ್ಲೆಡೆ ನಡೆಯುವ ಕ್ರಮ. ಈ ಕಾಯಿಲೆ ವಯಸ್ಸಾದವರಲ್ಲೇ ಹೆಚ್ಚು, ಎಷ್ಟೋ ಮಂದಿಯಲ್ಲಿ ವರ್ಷಗಟ್ಟಲೆ ಮಿಸುಕುವುದಿಲ್ಲ. ತೊಂದರೆ ಕೊಡದ ಹಂತದಲ್ಲೇ ಔಷಧ ಆರಂಭಿಸಿದವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಪರೀಕ್ಷೆಗಳಲ್ಲಿ ಸಾಬೀತಾಗಿಲ್ಲ. ಔಷಧದ ಅಡ್ಡಪರಿಣಾಮವನ್ನಂತೂ ಅವರು ಮೊದಲೇ ಅನುಭವಿಸಬೇಕಾಗುತ್ತದೆ.

ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಇಳಿಯತೊಡಗಿದರೆ, ಕುತ್ತಿಗೆ, ಕಂಕುಳಿನ ಗಂಟುಗಳು ದೊಡ್ಡದಾಗುತ್ತ ಹೋದರೆ, ರಾತ್ರಿ ಬಟ್ಟೆ ತೊಯ್ಯುವಂತೆ ಬೆವರಿದರೆ, ಕಾರಣವಿಲ್ಲದೆ ತೂಕ ಇಳಿದರೆ ಆಗ ಚಿಕಿತ್ಸೆ ಬೇಕಾಗುತ್ತದೆ, ಅದಕ್ಕೂ ಇಂದು ಒಳ್ಳೆಯ ಮಾತ್ರೆಗಳಿವೆ. 24,000 ಇದ್ದದ್ದು ಮುಂದಿನ ಸಲ 27,000 ಆದ ಮಾತ್ರಕ್ಕೆ ಕಳವಳ ಬೇಡ. ಅದು ಎಷ್ಟು ತಿಂಗಳಲ್ಲಿ ಎರಡರಷ್ಟಾಗುತ್ತದೆ ಎಂಬುದನ್ನು ವೈದ್ಯರು ಗಮನಿಸುತ್ತಾರೆ. ಈ ಕಾಯಿಲೆಯವರಿಗೆ ಸೋಂಕು ಬೇಗ ತಗುಲುವುದರಿಂದ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ಕೇಳಿರಿ. ಜೀವಂತ ರೋಗಾಣುವಿನ ಲಸಿಕೆಗಳು ಮಾತ್ರ ಬೇಡ. ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಮೇಷ್ಟರನ್ನು ಹೈರಾಣಾಗಿಸಬೇಡಿ.

ಪ್ರಶ್ನೆ: ಒಂದು ಲ್ಯಾಬಿನಲ್ಲಿ ನನ್ನ ಪ್ಲೇಟ್‌ಲೆಟ್ 38,000 ಎಂದು ಬಂತು. ನನಗೆ ಯಾವ ತೊಂದರೆಯೂ ಇರಲಿಲ್ಲ. ಎರಡು ದಿನ ಪಪ್ಪಾಯಿ ಎಲೆಯ ರಸ ಕುಡಿದು ಇನ್ನೊಂದು ಲ್ಯಾಬಿನಲ್ಲಿ ನೋಡಿದರೆ 2.1 ಲಕ್ಷ. ರಸದ ಗುಣವೇ, ಲ್ಯಾಬಿನ ತಪ್ಪೇ? — ತುಮಕೂರು

ಉತ್ತರ: ಬಹುಶಃ ಎರಡೂ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಳವೆಯಲ್ಲಿ ಹಾಕಿರುವ ಇಡಿಟಿಎ ಎಂಬ ರಾಸಾಯನಿಕಕ್ಕೆ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆ. ಯಂತ್ರವು ಆ ಗುಂಪುಗಳನ್ನು ಪ್ಲೇಟ್‌ಲೆಟ್ ಎಂದು ಗುರುತಿಸದೆ ಕಡಿಮೆ ಎಣಿಸುತ್ತದೆ. ಮೈಮೇಲೆ ಕೆಂಪು ಚುಕ್ಕೆಯಾಗಲಿ ರಕ್ತಸ್ರಾವವಾಗಲಿ ಇಲ್ಲದವರಲ್ಲಿ ಹೀಗೆ ಬಂದರೆ ಸ್ಲೈಡಿನಲ್ಲಿ ಕಣ್ಣಿಂದ ನೋಡಿ ಎಣಿಸಲು, ಅಥವಾ ಸಿಟ್ರೇಟ್ ಇರುವ ಬೇರೆ ಕೊಳವೆಯಲ್ಲಿ ರಕ್ತ ತೆಗೆದು ನೋಡಲು ಹೇಳಬೇಕು. ಮುಂದೆ ಯಾರು ರಕ್ತ ತೆಗೆದರೂ ಈ ಸಂಗತಿಯನ್ನು ಮೊದಲೇ ತಿಳಿಸಿರಿ.

ಪ್ರಶ್ನೆ: ನನಗೆ 26 ವರ್ಷ, ಹುಟ್ಟಿನಿಂದ ಸಸ್ಯಾಹಾರಿ. ಆಯಾಸ, ಕಾಲಿನಲ್ಲಿ ಜುಮುಗುಡುವಿಕೆ ಇದೆ, ನಾಲಿಗೆ ನುಣುಪಾಗಿ ಕೆಂಪಾಗಿದೆ. ಹಿಮೋಗ್ಲೋಬಿನ್ 6.8, ಬಿಳಿ ಕಣ 3,100, ಪ್ಲೇಟ್‌ಲೆಟ್ 82,000, ಎಂಸಿವಿ 121. ಇಲ್ಲಿನ ವೈದ್ಯರು ಬಿ12 ಕೊರತೆ ಇರಬೇಕು ಎಂದು ಇಂಜೆಕ್ಷನ್ ಆರಂಭಿಸಿದ್ದಾರೆ. ನರ್ಸಿಂಗ್ ಓದಿರುವ ನಮ್ಮ ದೊಡ್ಡಮ್ಮನ ಮಗಳು ‘ಮೂರೂ ಕಣ ಕಡಿಮೆಯೆಂದರೆ ಲ್ಯುಕೇಮಿಯಾ, ಕೂಡಲೇ ಮಜ್ಜೆ ಪರೀಕ್ಷೆ ಮಾಡಿಸು’ ಎಂದು ಹೆದರಿಸಿದ್ದಾಳೆ. ಆ ದಿನದಿಂದ ನಿದ್ದೆಯಿಲ್ಲ. — ಶಿರಸಿ

ಉತ್ತರ: ನಿಮ್ಮ ಅಕ್ಕ ಹೇಳಿದ್ದು ಪೂರ್ತಿ ತಪ್ಪಲ್ಲ: ಮೂರೂ ಬಗೆಯ ಕಣಗಳು ಇಳಿದಾಗ ಲ್ಯುಕೇಮಿಯಾವನ್ನು ನೆನಪಿನಲ್ಲಿಟ್ಟುಕೊಳ್ಳಲೇಬೇಕು. ಆದರೆ ಅವರು ಎಂಸಿವಿಯನ್ನು ನೋಡಿಲ್ಲ. ಅದು ಕೆಂಪು ಕಣದ ಗಾತ್ರ. ಸಾಮಾನ್ಯವಾಗಿ 80ರಿಂದ 100 ಇರಬೇಕಾದದ್ದು ನಿಮ್ಮಲ್ಲಿ 121 ಇದೆ. ಕಣವೊಂದು ಒಡೆದು ಎರಡಾಗಲು ಬಿ12 ಬೇಕು. ಅದಿಲ್ಲದೆ ಕಣಗಳು ದಪ್ಪಗಾಗುತ್ತವೆಯೇ ಹೊರತು ಒಡೆಯುವುದಿಲ್ಲ, ಬಹಳಷ್ಟು ಮಜ್ಜೆಯಲ್ಲೇ ಸತ್ತುಹೋಗುತ್ತವೆ, ಮೂರೂ ಎಣಿಕೆಗಳು ಇಳಿಯುತ್ತವೆ. ನುಣುಪು ನಾಲಿಗೆ, ಕಾಲಿನ ಜುಮುಗುಡುವಿಕೆ, ಮಾಂಸ ಮೊಟ್ಟೆಗಳಿಲ್ಲದ ಊಟ, ಎಲ್ಲವೂ ನಿಮ್ಮ ವೈದ್ಯರ ಊಹೆಯ ಕಡೆಗೇ ಬೊಟ್ಟು ಮಾಡುತ್ತವೆ. ಹಾಲು ಮೊಸರಿನಲ್ಲಿ ಬಿ12 ಇದೆ ನಿಜ, ಆದರೆ ದಿನಕ್ಕೆ ಎರಡು ಲೋಟ ಚಹಾಕ್ಕೆ ಬೆರೆಸಿದ ಹಾಲು, ಅನ್ನಕ್ಕೆ ನೀರುಮಜ್ಜಿಗೆ ಎಂಬ ಲೆಕ್ಕದಲ್ಲಿ ಅದು ಸಾಲುವುದಿಲ್ಲ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಈ ಕೊರತೆ ಬಹಳ ಸಾಮಾನ್ಯ.

ಅವಸರದಲ್ಲಿ ಮಜ್ಜೆ ಪರೀಕ್ಷೆ ಮಾಡಿಸಿದರೆ ಗೊಂದಲ ಹೆಚ್ಚುವ ಸಾಧ್ಯತೆಯೂ ಉಂಟು, ಏಕೆಂದರೆ ಬಿ12 ತೀವ್ರವಾಗಿ ಕಡಿಮೆಯಿರುವ ಮಜ್ಜೆಯಲ್ಲಿ ಎಳೆಯ, ವಿಕಾರವಾದ ದೊಡ್ಡ ಕಣಗಳು ತುಂಬಿರುತ್ತವೆ, ಅನುಭವವಿಲ್ಲದ ಕಣ್ಣಿಗೆ ಅವೇ ಲ್ಯುಕೇಮಿಯಾದಂತೆ ಕಂಡುಬಿಡಬಹುದು. ಇಂಜೆಕ್ಷನ್ ಕೊಡುವ ಮೊದಲು ಬಿ12 ಮಟ್ಟಕ್ಕೆ ರಕ್ತ ತೆಗೆದಿದ್ದಾರೆಯೇ ಎಂದು ಕೇಳಿರಿ. ತೆಗೆದಿಲ್ಲವಾದರೆ ಈಗ ನೋಡಿ ಪ್ರಯೋಜನವಿಲ್ಲ. ಅದಕ್ಕೂ ಒಳ್ಳೆಯ ಸಾಕ್ಷಿ ನಿಮ್ಮ ಮೈಯೇ ಕೊಡುತ್ತದೆ. ಒಂದು ವಾರದ ಹೊತ್ತಿಗೆ ರೆಟಿಕ್ಯುಲೋಸೈಟ್ ಎಂಬ ಹೊಸ ಕೆಂಪು ಕಣಗಳು ಏರಬೇಕು, ಮುಂದಿನ ಒಂದೆರಡು ವಾರಗಳಲ್ಲಿ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ ಸರಿಯಾಗಬೇಕು, ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ ತುಂಬಿಕೊಳ್ಳಬೇಕು. ಕಾಲಿನ ಜುಮುಗುಡುವಿಕೆ ಮಾತ್ರ ನಿಧಾನವಾಗಿ ಹೋಗುತ್ತದೆ.

ಬರಿಯ ಫೋಲಿಕ್ ಆಮ್ಲದ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದು ಬೇಡ. 1928ರಲ್ಲಿ ಮುಂಬೈಗೆ ಬಂದ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಇದೇ ರೀತಿಯ ದೊಡ್ಡ ಕಣದ ರಕ್ತಹೀನತೆಯನ್ನು ಕಂಡು, ಯೀಸ್ಟಿನ ಸಾರದಿಂದ ಗುಣಪಡಿಸಿದ್ದರು. ಅದರಲ್ಲಿದ್ದ ಅಂಶವೇ ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು. ಆ ಹೆಂಗಸರಿಗೆ ಬೇಕಾಗಿದ್ದುದು ಅದು. ನಿಮಗೆ ಬೇಕಾದದ್ದು ಬಿ12 ಆಗಿದ್ದು ಬರಿಯ ಫೋಲಿಕ್ ಆಮ್ಲ ತೆಗೆದುಕೊಂಡರೆ ರಕ್ತವೇನೋ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಈ ನಡುವೆ ಜ್ವರ ಬಂದರೆ, ಒಸಡಿನಿಂದ ರಕ್ತ ಒಸರಿದರೆ, ನಡೆಯುವಾಗ ಎದೆ ಹಿಡಿದುಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಹತ್ತನೆಯ ದಿನ ರಕ್ತದ ಎಣಿಕೆ ಮತ್ತು ರೆಟಿಕ್ಯುಲೋಸೈಟ್ ಪರೀಕ್ಷೆ ಮಾಡಿಸಿ, ಹಳೆಯ ರಿಪೋರ್ಟಿನ ಜೊತೆಗಿಟ್ಟು ನಿಮ್ಮ ವೈದ್ಯರಿಗೆ ತೋರಿಸಿರಿ. ಮೂರು ನಾಲ್ಕು ವಾರವಾದರೂ ಎಣಿಕೆಗಳು ಮೇಲೇಳದಿದ್ದರೆ ನಿಮ್ಮ ಅಕ್ಕ ಹೇಳಿದ ಮಜ್ಜೆ ಪರೀಕ್ಷೆಯನ್ನು ಆಗ ಮಾಡಿಸಬೇಕು.